ಚಾರೋ, ಕ್ಯಾರೋ? ಫೋನಿನಲ್ಲಿ ಕೋಡ್ ಹೇಳುವ ಬಗೆ

ಸ್ಕ್ರೀನ್ ಕಾಣದ ಫೋನ್ ಕರೆಯಲ್ಲಿ ಪ್ರೋಗ್ರಾಮಿಂಗ್ ಕೋಡ್ ಹೇಳಿ ಟೈಪ್ ಮಾಡಿಸುವಾಗ ನಾನು ನೋಡುವುದು ಒಂದನ್ನೇ: ಕೇಳಿದವರ ಬೆರಳು ಸರಿಯಾದ ಕೀ ಮೇಲೆ ಬೀಳುತ್ತದೆಯೇ? ಉಚ್ಚಾರಣೆ ಶುದ್ಧವೋ ಅಲ್ಲವೋ ಎಂಬ ಜಗಳ ಆಮೇಲೆ.

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಕ್ಷರಕ್ಕೆ ಬಳಸುವ 'ಚಾರ್' (char) ತಗೊಳ್ಳಿ. ಅದು 'ಕ್ಯಾರೆಕ್ಟರ್' ಪದದ ತುಂಡು, ಆದ್ದರಿಂದ 'ಕ್ಯಾರ್' ಅನ್ನಬೇಕೆಂದು ವಾದಿಸುವವರಿದ್ದಾರೆ. ಆದರೆ 'ಕ್ಯಾರ್' ಅಂದರೆ ಹೊಸಬರು ಎಚ್ ಬಿಟ್ಟು ಸಿ-ಎ-ಆರ್ ಹೊಡೆಯುತ್ತಾರೆ. 'ಚ' ಕೇಳಿದ ಕಿವಿಗೆ ಸಿ-ಎಚ್ ತಾನಾಗಿ ಹೊಳೆಯುತ್ತದೆ. ಸಿ++ ಭಾಷೆ ರೂಪಿಸಿದ ಬಿಯಾರ್ನೆ ಸ್ಟ್ರೌಸ್ಟ್ರಪ್ ಕೂಡ 'ಚಾರ್' ಪಕ್ಷವೇ.

ಪೂರ್ಣಾಂಕಕ್ಕೆ ಬಳಸುವ 'ಇಂಟ್' (int) ನಮ್ಮ ಬಾಯಿಗೇ ಮೀಸಲಾದ ತಂಟೆ. ಕನ್ನಡದ ನಾಲಿಗೆ ಕೊನೆಗೊಂದು ಉಕಾರ ಸೇರಿಸಿ 'ಇಂಟು' ಮಾಡುತ್ತದೆ, ಮಗ್ಗಿ ಕಲಿತ ಯಾರಿಗೂ ಅದು ಗುಣಾಕಾರ. ಹಾಗಾಗಿ ಗುಣಿಸುವ ಚಿಹ್ನೆಗೆ 'ಸ್ಟಾರ್' ಎಂದೇ ಹೇಳುತ್ತೇನೆ, ಮೊದಲ ಸಲ 'ಇಂಟೀಜರ್‌ನ ಇಂಟ್' ಎಂದು ಬಿಡಿಸುತ್ತೇನೆ.

ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್ ಅನ್ನು 'ಸೀಕ್ವೆಲ್' ಎಂದರೆ ತಪ್ಪಲ್ಲ. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಇಟ್ಟ ಹೆಸರೇ ಅದು. ಟ್ರೇಡ್‌ಮಾರ್ಕ್ ತೊಡಕಿನಿಂದ ಎಸ್‌ಕ್ಯೂಎಲ್ ಆಯಿತು. ಮಾತಿಗೆ ಸೀಕ್ವೆಲ್, ಟೈಪ್ ಮಾಡಿಸಲು ಎಸ್‌ಕ್ಯೂಎಲ್.

ಲಿನಕ್ಸ್‌ನಲ್ಲಿ 'ಸೂ' ಮತ್ತು 'ಡೂ' ಸೇರಿ 'ಸೂಡೂ' (sudo), ಅಂದರೆ ಕಮಾಂಡನ್ನು ರೂಟ್ ಎಂಬ ಪೂರ್ಣ ಅಧಿಕಾರದ ಬಳಕೆದಾರನಾಗಿ ನಡೆಸುವ ಪದ. ಹಲವರು 'ಸುಡೋ' ಅನ್ನುತ್ತಾರೆ. ರೂಟ್ ಅಧಿಕಾರದಲ್ಲಿ ತಪ್ಪು ಕಮಾಂಡ್ ಕೊಟ್ಟಾಗ ಆ ಕನ್ನಡಾರ್ಥವೇ ನಿಜವಾಗುತ್ತದೆ! ಫೈಲಿನ ಅನುಮತಿ ಬದಲಿಸುವ 'ಚ್‌ಮಾಡ್'ಗೆ ಸಿ-ಎಚ್-ಎಂ-ಒ-ಡಿ ಎಂದು ಒಮ್ಮೆ ಬಿಡಿಸಿದರೆ ಸಾಕು. ಅದರ ಮುಂದಿನ 755 ಅನ್ನು ಮಾತ್ರ 'ಏಳುನೂರ ಐವತ್ತೈದು' ಎಂದು ಓದಬೇಡಿ. ಅದು ಮೂರು ಬಿಡಿ ಅಂಕಿ: ಮಾಲೀಕ, ಗುಂಪು, ಉಳಿದವರು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1, ಕೂಡಿದರೆ ಏಳು. 'ಏಳು, ಐದು, ಐದು' ಎಂದರೆ ಕೇಳುವವರಿಗೆ ಲೆಕ್ಕವೂ ತಿಳಿಯುತ್ತದೆ.

ಫೋನಿನಲ್ಲಿ ಎಂ-ಎನ್, ಬಿ-ಡಿ, ಪಿ-ಟಿ ಒಂದೇ ತರಹ ಕೇಳಿಸುತ್ತವೆ. 'ಎಂ ಫಾರ್ ಮೈಸೂರು, ಎನ್ ಫಾರ್ ನಂಜನಗೂಡು' ಎಂದರೆ ಗೊಂದಲವಿಲ್ಲ. ಸೊನ್ನೆಗೆ ಸೊನ್ನೆ ಎಂದೇ ಹೇಳಿ. 'ಓ' ಅಂದರೆ ಅಕ್ಷರ ಬೀಳುತ್ತದೆ.

ಕ್ಯಾಪಿಟಲ್ಲೋ ಸ್ಮಾಲೋ ಎಂಬುದನ್ನು ಅಕ್ಷರಕ್ಕೆ ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ಬೆರಳು ಒತ್ತಿಯಾಗಿರುತ್ತದೆ. ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಪೋರ್ಟ್ (ಸಂಪರ್ಕದ ಬಾಗಿಲ ಸಂಖ್ಯೆ, ಉದಾಹರಣೆಗೆ 2222) ಕೊಡುವುದು ಸ್ಮಾಲ್ ಪಿ, ಅಲ್ಲಿಗೆ ಫೈಲ್ ನಕಲಿಸುವ ಎಸ್‌ಸಿಪಿಗೆ ಕ್ಯಾಪಿಟಲ್ ಪಿ. ಎಸ್‌ಸಿಪಿಯಲ್ಲಿ ಸ್ಮಾಲ್ ಪಿ ಎಂದರೆ ಫೈಲಿನ ಸಮಯ ಕಾಪಾಡು ಎಂದರ್ಥ. ಹಿಂದೆಯೇ ಬಂದ 2222 ಅನ್ನು ಫೈಲಿನ ಹೆಸರೆಂದು ತಿಳಿದು, ಅಂಥ ಫೈಲೇ ಇಲ್ಲ ಎನ್ನುತ್ತದೆ.