ಮುಳ್ಳು ಅಲುಗದಿದ್ದರೆ ಮೊದಲು ಮೀಟರ್ ಕಳಚಬೇಡಿ: ಪಿಕಪ್ ಟ್ರಕ್ಕಿನ ವಿದ್ಯುತ್ ದೋಷ ಹುಡುಕುವ ಕ್ರಮ

ಹೆಡ್‌ಲೈಟ್ ಹಾಕಿದ ಕೂಡಲೇ ಎಂಜಿನ್ ಶಾಖದ ಮುಳ್ಳು ಮೇಲೇರುತ್ತದೆ. ಇಂಡಿಕೇಟರ್ ಮಿನುಗಿದಂತೆಲ್ಲ ಇಂಧನದ ಮುಳ್ಳು ತಾಳ ಹಾಕುತ್ತದೆ. ಒಮ್ಮೊಮ್ಮೆ ಎಲ್ಲ ಮುಳ್ಳುಗಳೂ ಒಟ್ಟಿಗೇ ಸೊನ್ನೆಗೆ ಬಿದ್ದು, ರಸ್ತೆಯಲ್ಲಿ ಗುಂಡಿಯೊಂದು ಸಿಕ್ಕ ಮೇಲೆ ತಾವಾಗಿಯೇ ಎದ್ದು ನಿಲ್ಲುತ್ತವೆ. ಇಂತಹದನ್ನು ಕಂಡವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಮೀಟರ್ ಬೋರ್ಡಿಗೆ. ಸಾಮಾನ್ಯವಾಗಿ ದೋಷ ಇರುವುದು ಅಲ್ಲಲ್ಲ. ಮುಳ್ಳು ತನ್ನವರೆಗೆ ಬಂದ ವಿದ್ಯುತ್ತನ್ನಷ್ಟೇ ತೋರಿಸುತ್ತದೆ. ಅದು ದಾರಿಯಲ್ಲಿ ಎಲ್ಲಿ ಕೆಟ್ಟಿತು ಎಂಬುದನ್ನು ನಾವೇ ಹುಡುಕಬೇಕು. ಎಲ್ಲ ಮೀಟರ್‌ಗಳಿಗೂ ಸೇರಿದ ಬ್ಯಾಟರಿ, ಫ್ಯೂಸ್, ಅರ್ಥ್ (ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ) ಮೊದಲು. ಒಂದೊಂದರ ಸೆನ್ಸರ್ ಅನಂತರ. ಮೀಟರ್ ಬೋರ್ಡ್ ಕಟ್ಟಕಡೆಗೆ. ಈ ಕ್ರಮ ತಪ್ಪಿಸಿದವರು ಹೊಸ ಬಿಡಿಭಾಗಗಳನ್ನು ಕೊಳ್ಳುತ್ತಲೇ ಇರುತ್ತಾರೆ.

ಕಾರಿಗಿಂತ ಪಿಕಪ್‌ಗೆ ಈ ಕಾಟ ಹೆಚ್ಚು. ಹೆಚ್ಚಿನ ಪಿಕಪ್‌ಗಳಲ್ಲಿ ಚಾಲಕನ ಕ್ಯಾಬಿನ್ ಬೇರೆ, ಹಿಂದಿನ ಸರಕಿನ ಬಾಡಿ ಬೇರೆ; ಎರಡೂ ಚಾಸಿಯ (ಗಾಡಿಯ ಅಡಿಯ ಲೋಹದ ಚೌಕಟ್ಟಿನ) ಮೇಲೆ ಬೋಲ್ಟಿನಲ್ಲಿ ಕೂತಿರುತ್ತವೆ. ಕ್ಯಾಬಿನ್ ಮತ್ತು ಚಾಸಿಯ ನಡುವೆ ರಬ್ಬರ್ ಇರುವುದರಿಂದ ವಿದ್ಯುತ್ ಒಂದರಿಂದ ಇನ್ನೊಂದಕ್ಕೆ ಹಾಯಲು ಪ್ರತ್ಯೇಕ ಅರ್ಥ್ ಪಟ್ಟಿ ಬೇಕು. ಟ್ಯಾಂಕು, ಹಿಂದೀಪಗಳು, ಟ್ರೇಲರ್ ಪ್ಲಗ್ ಎಲ್ಲವೂ ಕೆಸರು ಎರಚುವ ಜಾಗದಲ್ಲಿವೆ. ಮುಂದಿನ ಮೀಟರ್‌ನ ತೊಂದರೆಗೆ ಕಾರಣ ಹಿಂದಿನ ಬಂಪರ್ ಕೆಳಗೆ ಸಿಗುವುದು ಇದೇ ಕಾರಣಕ್ಕೆ.

ಕೈಹಾಕುವ ಮುನ್ನ

ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ ಅಥವಾ ಶಾಖದ ಮುಳ್ಳು ಕೆಂಪು ಗೆರೆ ದಾಟಿದರೆ ‘ಸೆನ್ಸರ್ ಕೆಟ್ಟಿರಬೇಕು’ ಎಂದುಕೊಂಡು ಓಡಿಸಬೇಡಿ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಮಟ್ಟ ನೋಡಿ. ಎಂಜಿನ್ ತಣ್ಣಗಾದ ಮೇಲೆ ಅದನ್ನು ತಣಿಸುವ ದ್ರವ, ಕೂಲಂಟ್, ನೋಡಿ. ಮೀಟರ್ ಸುಳ್ಳು ಹೇಳುತ್ತಿದೆ ಎಂಬುದು ಸಾಬೀತಾಗುವವರೆಗೆ ಅದು ನಿಜ ಹೇಳುತ್ತಿದೆ ಎಂದೇ ತಿಳಿಯಬೇಕು.

ಏರ್‌ಬ್ಯಾಗ್ ವೈರುಗಳ ಮೇಲೆ, ಅವು ಹೆಚ್ಚಾಗಿ ಹಳದಿ ಬಣ್ಣದವು, ಟೆಸ್ಟ್ ಲ್ಯಾಂಪ್ ಆಗಲಿ ಮಲ್ಟಿಮೀಟರ್ ಆಗಲಿ ಇಡಲೇಬಾರದು. ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟುವುದೂ ಬೇಡ. ಬ್ಯಾಟರಿ ಕಳಚುವಾಗ ಮೊದಲು ಋಣ ತುದಿ ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಹಾಕಿ.

ಸಾಮಾನು ಹೆಚ್ಚು ಬೇಡ: ಡಿಜಿಟಲ್ ಮಲ್ಟಿಮೀಟರ್, ಬಲ್ಬ್ ಇರುವ ಟೆಸ್ಟ್ ಲ್ಯಾಂಪ್, ತಂತಿಯ ಬ್ರಷ್, ಸ್ಯಾಂಡ್‌ಪೇಪರ್, ಕೆಲವು ಫ್ಯೂಸ್‌ಗಳು ಮತ್ತು ನಿಮ್ಮ ಮಾದರಿಯ ವೈರಿಂಗ್ ನಕ್ಷೆ. ನಕ್ಷೆ ಇಲ್ಲದೆ ಮಾಡುವ ಕೆಲಸದಲ್ಲಿ ಅರ್ಧ ಹೊತ್ತು ಊಹೆಗೇ ಹೋಗುತ್ತದೆ.

ಮೊದಲು ಬ್ಯಾಟರಿ

ಗಾಡಿ ಕೆಲವು ಗಂಟೆ ನಿಂತಿದ್ದ ಮೇಲೆ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12.4 ಇದ್ದರೆ ಮುಕ್ಕಾಲು ಭಾಗ. 12ಕ್ಕೆ ಇಳಿದಿದ್ದರೆ ಹೆಚ್ಚೇನೂ ಉಳಿದಿಲ್ಲ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡುತ್ತಿರಲಿ: 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ಎಂಜಿನ್ ಓಡುತ್ತಿರುವಾಗ 13.5ರಿಂದ 14.7ರವರೆಗೆ ಇರಬೇಕು. 15 ದಾಟಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿ ವೋಲ್ಟನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಬಲ್ಬುಗಳು ಪದೇಪದೇ ಸುಡುವುದು ಇದರ ಗುರುತು. ಎಂಜಿನ್ ಓಡುವಾಗಲೇ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಇನ್ನೊಮ್ಮೆ ನೋಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರ್‌ನಲ್ಲಿ ಎಸಿಯನ್ನು ಡಿಸಿಯಾಗಿಸುವ ಡಯೋಡ್ ಹೋಗಿರಬಹುದು. ಕಂಪ್ಯೂಟರ್ ಇರುವ ಗಾಡಿಗಳಲ್ಲಿ ಮುಳ್ಳುಗಳು ಕಾರಣವಿಲ್ಲದೆ ನಡುಗುವುದಕ್ಕೆ ಈ ಕೊಳಕು ವಿದ್ಯುತ್ತೂ ಒಂದು ಕಾರಣ.

ಫ್ಯೂಸ್

ಫ್ಯೂಸನ್ನು ಕಣ್ಣಿನಿಂದ ನೋಡಿ ‘ಚೆನ್ನಾಗಿದೆ’ ಎಂದು ತೀರ್ಮಾನಿಸಬೇಡಿ. ಕೀ ಹಾಕಿ, ಟೆಸ್ಟ್ ಲ್ಯಾಂಪನ್ನು ಫ್ಯೂಸಿನ ಬೆನ್ನಿನ ಮೇಲಿರುವ ಎರಡು ಲೋಹದ ಚುಕ್ಕೆಗಳಿಗೂ ಮುಟ್ಟಿಸಿ. ಎರಡರಲ್ಲೂ ದೀಪ ಬೆಳಗಿದರೆ ಸರಿ. ಒಂದರಲ್ಲಿ ಮಾತ್ರ ಬೆಳಗಿದರೆ ಅದು ಸುಟ್ಟಿದೆ. ಎರಡರಲ್ಲೂ ಇಲ್ಲದಿದ್ದರೆ ಆ ಫ್ಯೂಸಿಗೆ ವಿದ್ಯುತ್ತೇ ಬರುತ್ತಿಲ್ಲ, ಇಗ್ನಿಷನ್ ಸ್ವಿಚ್ಚಿನ ಕಡೆಗೆ ಹೋಗಿ. ಬ್ಲೇಡ್ ಫ್ಯೂಸಿನ ಬಣ್ಣವೇ ಅದರ ಅಳತೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಸುಟ್ಟ 10ರ ಜಾಗಕ್ಕೆ 20 ಹಾಕಿದರೆ ಮುಂದಿನ ಸಲ ಸುಡುವುದು ವೈರು.

ಹೊಸ ಫ್ಯೂಸ್ ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ. ಅನೇಕ ಪಿಕಪ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಬೆಳಕು ಮತ್ತು ಹಿಂದಿನ ಪಾರ್ಕಿಂಗ್ ದೀಪಗಳು ಒಂದೇ ಫ್ಯೂಸಿನ ಕೆಳಗಿರುತ್ತವೆ. ರಾತ್ರಿ ಮೀಟರ್‌ಗಳು ಕತ್ತಲಾದರೆ ಕೆಳಗಿಳಿದು ಹಿಂದೀಪ ನೋಡಿ. ಅದೂ ಆರಿದ್ದರೆ ಚಾಸಿಯ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದ ವೈರು, ಇಲ್ಲವೇ ಕಿಲುಬು ತುಂಬಿದ ಟ್ರೇಲರ್ ಪ್ಲಗ್ ಮೊದಲ ಅನುಮಾನಿತರು. ಪ್ಲಗ್ಗಿನ ಜೋಡಣೆ ಬಿಡಿಸಿ ಹೊಸ ಫ್ಯೂಸ್ ಹಾಕಿ. ಅದು ಉಳಿದುಕೊಂಡರೆ ಉತ್ತರ ಸಿಕ್ಕಿತು.

ಅರ್ಥ್: ಇಲ್ಲಿ ಹೆಚ್ಚು ಹೊತ್ತು ಕೊಡಿ

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಬ್ಯಾಟರಿಗೇ ಮರಳಬೇಕು. ಮರಳುವ ದಾರಿ ಗಾಡಿಯ ಲೋಹವೇ. ಆ ಲೋಹಕ್ಕೆ ವೈರು ಕೂಡುವ ಬೋಲ್ಟಿನ ಅಡಿ ತುಕ್ಕು ಕಟ್ಟಿದರೆ ಅಥವಾ ಬಣ್ಣ ಬಳಿದಿದ್ದರೆ ವಿದ್ಯುತ್ತು ಬೇರೆ ದಾರಿ ಹಿಡಿಯುತ್ತದೆ. ಹಳ್ಳದ ನೀರಿಗೆ ಅಡ್ಡ ಕಟ್ಟಿದರೆ ಅದು ಪಕ್ಕದ ಗದ್ದೆಗೆ ನುಗ್ಗುವಂತೆ, ಹಿಂದೀಪದ ವಿದ್ಯುತ್ತು ಇಂಧನ ಸೆನ್ಸರಿನ ವೈರಿಗೆ ನುಗ್ಗುತ್ತದೆ. ಇಂಡಿಕೇಟರ್ ಜೊತೆ ಮುಳ್ಳು ಕುಣಿಯುವುದು ಆಗಲೇ. ಬ್ರೇಕ್ ತುಳಿದಾಗ ಇಂಡಿಕೇಟರ್ ದೀಪವೂ ಮಂಕಾಗಿ ಹೊತ್ತಿಕೊಳ್ಳುವುದೂ ಇದೇ ರೋಗ. ಒಂದು ಉಪಕರಣ ಚಾಲೂ ಮಾಡಿದಾಗ ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಬದಲಾದರೆ, ಸೆನ್ಸರ್‌ಗಳನ್ನು ಮರೆತು ನೇರವಾಗಿ ಅರ್ಥ್ ಹುಡುಕಿ.

ಇಲ್ಲಿ ಓಮ್ (ವೈರಿನ ತಡೆ) ಅಳೆದು ಪ್ರಯೋಜನವಿಲ್ಲ. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ‘ಸರಿ’ ಎಂದೇ ತೋರಿಸುತ್ತದೆ. ಹೊರೆ ಬಿದ್ದಾಗ ಅದೇ ಎಳೆ ಕೈಕೊಡುತ್ತದೆ. ಹೊರೆ ಇರುವಾಗಲೇ ವೋಲ್ಟ್ ನಷ್ಟ ಅಳೆಯಬೇಕು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ಫ್ಯಾನ್ ಹಾಕಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣ ಕಂಬದ ಮೇಲಿರಲಿ. ಕ್ಲಾಂಪಿನ ಮೇಲಲ್ಲ, ಕಂಬದ ಮೇಲೆಯೇ. ಇನ್ನೊಂದು ಕಡ್ಡಿಯನ್ನು ಕ್ರಮವಾಗಿ ಎಂಜಿನ್ ಬ್ಲಾಕ್, ಕ್ಯಾಬಿನ್ನಿನ ಬಣ್ಣವಿಲ್ಲದ ಲೋಹ, ಚಾಸಿ, ಹಿಂದಿನ ಬಾಡಿ, ಹಿಂದೀಪದ ಅರ್ಥ್ ವೈರು ಇವುಗಳಿಗೆ ಮುಟ್ಟಿಸುತ್ತ ಹೋಗಿ. 0.1 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ. 0.2 ದಾಟಿದರೆ ಆ ಜಾಗಕ್ಕೂ ಹಿಂದಿನ ಜಾಗಕ್ಕೂ ನಡುವಿನ ಜೋಡಣೆ ಕೆಟ್ಟಿದೆ. ಅರ್ಧ ವೋಲ್ಟ್ ಕಂಡರೆ ಮುಳ್ಳುಗಳು ಏಕೆ ಸುಳ್ಳಾಡುತ್ತವೆ ಎಂದು ಮತ್ತೆ ಕೇಳಬೇಕಾಗಿಲ್ಲ.

ಸಿಕ್ಕ ಬೋಲ್ಟ್ ಬಿಚ್ಚಿ, ವೈರಿನ ಕಣ್ಣು ಮತ್ತು ಅದು ಕೂರುವ ಲೋಹ ಎರಡನ್ನೂ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಸವರಿ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಹೆಣೆದ ಪಟ್ಟಿ ಹರಿದಿದ್ದರೆ ಹೊಸದು ಹಾಕಿ. ಎಂಜಿನ್ ಇಳಿಸಿದವರು ಇದನ್ನು ಮತ್ತೆ ಜೋಡಿಸಲು ಮರೆಯುವುದು ಅಪರೂಪವಲ್ಲ.

ಒಂದೇ ಮೀಟರ್ ಕೆಟ್ಟಿದ್ದರೆ

ಉಳಿದವೆಲ್ಲ ಸರಿಯಿದ್ದು ಇಂಧನದ ಮುಳ್ಳು ಮಾತ್ರ ಸತ್ತಿದ್ದರೆ ದೋಷ ಅದರ ಸೆನ್ಸರಿನಲ್ಲಿ ಅಥವಾ ಅಲ್ಲಿಂದ ಬರುವ ವೈರಿನಲ್ಲಿದೆ. ಟ್ಯಾಂಕಿನೊಳಗಿನ ಫ್ಲೋಟ್ ಏರಿಳಿದಂತೆ ಒಂದು ರೋಧಕದ ಬೆಲೆ ಬದಲಾಗುತ್ತದೆ. ಆ ಬೆಲೆ ಎಲ್ಲ ಗಾಡಿಗಳಿಗೂ ಒಂದೇ ಅಲ್ಲ. ಜನರಲ್ ಮೋಟಾರ್ಸ್‌ನ ಹಳೆಯ ಪಿಕಪ್‌ಗಳಲ್ಲಿ ಖಾಲಿ ಟ್ಯಾಂಕಿಗೆ 0 ಓಮ್, ತುಂಬಿದ್ದಕ್ಕೆ 90. ಹಳೆಯ ಫೋರ್ಡ್‌ಗಳಲ್ಲಿ ತಿರುಗುಮುರುಗು: ಖಾಲಿಗೆ 73ರ ಸುಮಾರು, ತುಂಬಿದ್ದಕ್ಕೆ 10ರ ಸುಮಾರು. ಬೇರೆ ಗಾಡಿಯ ಸೆನ್ಸರ್ ಹಾಕಿದವರ ಮುಳ್ಳು ಹಿಮ್ಮುಖವಾಗಿ ಓಡುವ ರಹಸ್ಯ ಇದೇ.

ಮೀಟರ್‌ಗೆ ನೇರ ಸಂಪರ್ಕವಿರುವ ಹಳೆಯ ವ್ಯವಸ್ಥೆಯಲ್ಲಿ ಪರೀಕ್ಷೆ ಸುಲಭ. ಟ್ಯಾಂಕಿನಿಂದ ದೂರದಲ್ಲಿರುವ ಕನೆಕ್ಟರ್ ಬಿಡಿಸಿ, ಕೀ ಹಾಕಿ ಮುಳ್ಳು ನೋಡಿ. ಬಳಿಕ ಮೀಟರ್ ಕಡೆಯ ವೈರನ್ನು ಒಂದು ಗಳಿಗೆ ಅರ್ಥಿಗೆ ಮುಟ್ಟಿಸಿ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಮೀಟರೂ ಆ ವೈರೂ ಸರಿಯಿವೆ. ದೋಷ ಟ್ಯಾಂಕಿನ ಕಡೆಗಿದೆ. ಇಂಧನದ ಆವಿ ಇರುವ ಜಾಗದಲ್ಲಿ ಇದನ್ನು ಮಾಡಬೇಡಿ, ಒಂದು ಕಿಡಿ ಸಾಕು. ಸೆನ್ಸರಿನ ಸಂಕೇತ ಕಂಪ್ಯೂಟರಿಗೆ ಹೋಗುವ ಹೊಸ ಗಾಡಿಗಳಲ್ಲಿ ಸ್ಕ್ಯಾನರ್ ಹಚ್ಚಿ ಅಂಕಿ ಓದುವುದು ಮೇಲು.

ಸೆನ್ಸರ್ ಬದಲಿಸಲು ತುಂಬಿದ ಟ್ಯಾಂಕ್ ಇಳಿಸುವ ಪಾಡು ಪಡಬೇಕಿಲ್ಲ. ಅನೇಕ ಪಿಕಪ್‌ಗಳಲ್ಲಿ ಸರಕಿನ ಬಾಡಿಯ ಬೋಲ್ಟ್‌ಗಳನ್ನು ಬಿಚ್ಚಿ, ಇಂಧನ ತುಂಬುವ ಕೊಳವೆ, ಹಿಂದೀಪದ ವೈರು ಮತ್ತು ಅರ್ಥ್ ಬಿಡಿಸಿ, ಇಬ್ಬರು ಮೂವರು ಸೇರಿ ಬಾಡಿಯನ್ನು ಹಿಂದಕ್ಕೆ ಸರಿಸಿದರೆ ಟ್ಯಾಂಕಿನ ನೆತ್ತಿ ಕಾಣುತ್ತದೆ. ಪಿಕಪ್ ಎಂಬ ಗಾಡಿಯ ಅಪರೂಪದ ಔದಾರ್ಯವಿದು.

ಶಾಖದ ಸೆನ್ಸರ್ ಬಿಸಿಯಾದಷ್ಟೂ ಅದರ ಓಮ್ ಇಳಿಯುತ್ತದೆ: ಎಂಜಿನ್ ಕಂಪ್ಯೂಟರಿಗೆ ಸಂಕೇತ ಕೊಡುವ ಬಗೆಯದರಲ್ಲಿ 20 ಡಿಗ್ರಿಗೆ ಎರಡು ಮೂರು ಸಾವಿರ, 100 ಡಿಗ್ರಿಯ ಹತ್ತಿರ ಸಾಮಾನ್ಯವಾಗಿ ಇನ್ನೂರರ ಆಸುಪಾಸು. ವೈರು ತುಂಡಾದರೆ ಮುಳ್ಳು ತಣ್ಣಗೆ ಮಲಗಿರುತ್ತದೆ, ಅರ್ಥಿಗೆ ತಾಗಿದರೆ ಕೆಂಪಿಗೆ ನೆಗೆಯುತ್ತದೆ. ಸೆನ್ಸರ್ ಸರಿಯಿದ್ದೂ ಮುಳ್ಳು ಮೇಲೇಳದಿದ್ದರೆ ಕೂಲಂಟಿನ ಹರಿವನ್ನು ನಿಯಂತ್ರಿಸುವ ಕವಾಟ, ಥರ್ಮೋಸ್ಟಾಟ್, ತೆರೆದೇ ಸಿಕ್ಕಿಕೊಂಡಿರಬಹುದು. ಕೂಲಂಟ್ ಕಡಿಮೆಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿದ್ದರೆ ಎಂಜಿನ್ ಕುದಿಯುತ್ತಿದ್ದರೂ ಮೀಟರ್ ಶಾಂತವಾಗಿರುತ್ತದೆ, ಇದು ಅಪಾಯ.

ಆಯಿಲ್ ಮೀಟರ್ ವಿಷಯದಲ್ಲಿ ಒಂದು ತಯಾರಕರ ಜಾಣತನ ತಿಳಿದಿರಲಿ. 1980ರ ದಶಕದ ಕೊನೆಯಿಂದ ಫೋರ್ಡ್‌ನ ಅನೇಕ ಪಿಕಪ್‌ಗಳಲ್ಲಿ ಮುಳ್ಳಿದ್ದರೂ ಅದರ ಹಿಂದೆ ಇರುವುದು ಬರೀ ಸ್ವಿಚ್; ಒತ್ತಡ ಸ್ವಲ್ಪ ಇದ್ದರೂ ಮುಳ್ಳು ನಡುವಿನಲ್ಲೇ ನಿಲ್ಲುತ್ತದೆ. ನಿಜವಾದ ಒತ್ತಡ ತಿಳಿಯಲು ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಯಾಂತ್ರಿಕ ಒತ್ತಡಮಾಪಕ ಹಚ್ಚಬೇಕು. ವೇಗದ ಮೀಟರ್ ಸತ್ತು ಜೊತೆಗೆ ಎಬಿಎಸ್ ದೀಪವೂ ಹೊತ್ತಿದ್ದರೆ ಚಕ್ರದ ಅಥವಾ ಹಿಂದಿನ ಡಿಫರೆನ್ಷಿಯಲ್ಲಿನ ಸೆನ್ಸರ್ ನೋಡಿ. ದೊಡ್ಡ ಟೈರ್ ಹಾಕಿಸಿದ ಮೇಲೆ ವೇಗ ಕಡಿಮೆ ತೋರಿಸುವುದು ದೋಷವಲ್ಲ, ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರ ಲೆಕ್ಕ.

ಈಗ ಮೀಟರ್ ಬೋರ್ಡ್

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಸ್ಕ್ರೂ ಡ್ರೈವರ್ ಎತ್ತಿಕೊಳ್ಳಿ. ಹಳೆಯ ಗಾಡಿಗಳಲ್ಲಿ ಇಂಧನ, ಶಾಖ, ಆಯಿಲ್ ಮೂರಕ್ಕೂ ಸರಾಸರಿ 5 ವೋಲ್ಟ್ ಆಸುಪಾಸು ಕೊಡುವ ಒಂದು ಪುಟ್ಟ ರೆಗ್ಯುಲೇಟರ್ ಇರುತ್ತದೆ. ಅದು ಸಿಕ್ಕಿಕೊಂಡರೆ ಮೂರೂ ಮುಳ್ಳುಗಳು ಒಟ್ಟಿಗೆ ತುದಿಗೇರುತ್ತವೆ, ಇಲ್ಲವೇ ಒಟ್ಟಿಗೆ ಮಲಗುತ್ತವೆ. ಹೊಸ ಬೋರ್ಡುಗಳಲ್ಲಿ ಪ್ರತಿ ಮುಳ್ಳಿಗೂ ಹೆಜ್ಜೆಹೆಜ್ಜೆಯಾಗಿ ತಿರುಗುವ ಒಂದು ಪುಟ್ಟ ಸ್ಟೆಪ್ಪರ್ ಮೋಟಾರ್. 2003ರಿಂದ 2006ರವರೆಗಿನ ಷೆವ್ರೊಲೆ ಸಿಲ್ವರಾಡೊ ಮತ್ತು ಜಿಎಂಸಿ ಸಿಯೆರಾ ಪಿಕಪ್‌ಗಳಲ್ಲಿ ಈ ಮೋಟಾರ್‌ಗಳು ಕೈಕೊಡುವುದಕ್ಕೆ ಹೆಸರಾಗಿವೆ. ಬೆಸುಗೆ ಹಾಕಲು ಬರುವವರು ಮೋಟಾರ್ ಮಾತ್ರ ಬದಲಿಸಬಹುದು. ಪೂರ್ತಿ ಬೋರ್ಡ್ ಬದಲಿಸಿದರೆ ಓಡಿದ ದೂರದ ಅಂಕಿಯೂ ಬದಲಾಗುವುದುಂಟು. ಅದನ್ನು ಸರಿಯಾಗಿ ದಾಖಲಿಸಬೇಕು.

ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದು, ಮುಳ್ಳುಗಳೆಲ್ಲ ಸತ್ತು, ಎಚ್ಚರಿಕೆ ದೀಪಗಳು ಜಾತ್ರೆಯಂತೆ ಹೊತ್ತಿಕೊಂಡರೆ ಕಂಪ್ಯೂಟರ್‌ಗಳ ನಡುವಿನ ಸಂವಹನ ಕಡಿದಿರಬಹುದು. ಬಾಷ್ ಸಂಸ್ಥೆ 1986ರಲ್ಲಿ ಪರಿಚಯಿಸಿದ ಕ್ಯಾನ್ ಬಸ್ ಎಂಬ ಈ ವ್ಯವಸ್ಥೆಯಲ್ಲಿ ಹೆಣೆದ ಎರಡು ವೈರುಗಳಿದ್ದು, ಎರಡೂ ಕೊನೆಗಳಲ್ಲಿ 120 ಓಮ್‌ನ ರೋಧಕ ಇರುತ್ತದೆ. ಬ್ಯಾಟರಿ ಕಳಚಿ, ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಹಚ್ಚುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವೆ ಅಳೆಯಿರಿ. 60 ಓಮ್ ಬಂದರೆ ಆರೋಗ್ಯ. 120 ಬಂದರೆ ಒಂದು ಕಡೆ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರುಗಳು ಒಂದಕ್ಕೊಂದು ತಾಗಿವೆ. ಕೆಲವು ಗಾಡಿಗಳಲ್ಲಿ ಈ ಸಾಕೆಟ್ಟಿನ ಹಿಂದೆ ಬೇರೆ ಮಾಡ್ಯೂಲ್ (ಗಾಡಿಯ ಪುಟ್ಟ ಕಂಪ್ಯೂಟರ್) ಇರುವುದರಿಂದ ಅಂಕಿಯನ್ನು ನಕ್ಷೆಯೊಂದಿಗೆ ಹೋಲಿಸಿ.

ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ

ಗಾಡಿಯನ್ನು ಆರಿಸಿ, ಬಾಗಿಲಿನ ಚಿಲಕವನ್ನು ಮುಚ್ಚಿದ ಸ್ಥಿತಿಗೆ ತಳ್ಳಿ, ಋಣ ಕೇಬಲ್ ಮತ್ತು ಕಂಬದ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮಲ್ಟಿಮೀಟರಿನ ಫ್ಯೂಸ್ ಹೋಗುತ್ತದೆ. ಮಾಡ್ಯೂಲ್‌ಗಳು ನಿದ್ದೆಗೆ ಜಾರಲು 20 ನಿಮಿಷದಿಂದ ಒಂದು ಗಂಟೆ ಕಾಯಿರಿ. ಅವಸರ ಮಾಡಿದವರಿಗೆ ಸುಳ್ಳು ಅಂಕಿ ಸಿಗುತ್ತದೆ. ಕೊನೆಗೆ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಉಳಿದರೆ ಸರಿ. ಅರ್ಧ ಆಂಪಿಯರ್ ಹರಿಯುತ್ತಿದ್ದರೆ ದಿನಕ್ಕೆ 12 ಆಂಪಿಯರ್ ಗಂಟೆ ಹೋಯಿತು. 60 ಆಂಪಿಯರ್ ಗಂಟೆಯ ಬ್ಯಾಟರಿ ಮೂರು ನಾಲ್ಕು ದಿನಗಳಲ್ಲಿ ಎಂಜಿನ್ ಎತ್ತಲಾರದು.

ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ಪದ್ಧತಿ. ಹೊಸ ಗಾಡಿಗಳಲ್ಲಿ ಕಿತ್ತ ಫ್ಯೂಸ್ ಮತ್ತೆ ಹಾಕಿದೊಡನೆ ಮಾಡ್ಯೂಲ್ ಎಚ್ಚರಗೊಂಡು ಲೆಕ್ಕ ಕೆಡಿಸುತ್ತದೆ. ಕೀಳದೆಯೇ ಪ್ರತಿ ಫ್ಯೂಸಿನ ಬೆನ್ನಿನ ಎರಡು ಚುಕ್ಕೆಗಳ ನಡುವೆ ಮಿಲಿ ವೋಲ್ಟ್ ಅಳೆಯಿರಿ. ಸೊನ್ನೆ ಬಂದಲ್ಲಿ ವಿದ್ಯುತ್ ಹರಿಯುತ್ತಿಲ್ಲ. ಅಂಕಿ ಕಂಡಲ್ಲಿ ಹರಿಯುತ್ತಿದೆ. ಆ ಫ್ಯೂಸಿನ ಹಿಂದೆ ಏನೇನಿದೆ ಎಂದು ನಕ್ಷೆ ಹೇಳುತ್ತದೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಕ್ಯಾಮೆರಾ, ಟ್ರ್ಯಾಕರ್, ಹೆಚ್ಚುವರಿ ದೀಪಗಳನ್ನು ಮೊದಲು ಅನುಮಾನಿಸಿ. ಅವುಗಳಿಗೆ ಪ್ರತ್ಯೇಕ ಫ್ಯೂಸ್ ಮತ್ತು ಕೀ ಜೊತೆ ಆರುವ ರಿಲೇ ಹಾಕಿಸಿ. ಡ್ಯಾಶ್‌ಬೋರ್ಡಿನ ವೈರನ್ನು ಸುಲಿದು ಟೇಪ್ ಸುತ್ತಿ ತೆಗೆದ ಕವಲುಗಳನ್ನು ಕಿತ್ತುಹಾಕಿ.

ಕೆಲಸ ಮುಗಿದು ಬ್ಯಾಟರಿ ಜೋಡಿಸಿದ ಮೇಲೆ ಗಡಿಯಾರ ಸರಿಪಡಿಸಬೇಕು. ಕೆಲವು ರೇಡಿಯೊಗಳು ಕೋಡ್ ಕೇಳುತ್ತವೆ, ಕಿಟಕಿಯ ಮೋಟಾರ್‌ಗಳು ಒಮ್ಮೆ ಪೂರ್ತಿ ಇಳಿದು ಏರುವವರೆಗೆ ತಮ್ಮಷ್ಟಕ್ಕೆ ಮುಚ್ಚಿಕೊಳ್ಳುವುದಿಲ್ಲ, ಎಂಜಿನ್ನಿನ ಐಡಲ್ ಸ್ವಲ್ಪ ಹೊತ್ತು ಏರುಪೇರಾಗಿರುತ್ತದೆ. ಇವನ್ನು ಹೊಸ ದೋಷವೆಂದು ಮತ್ತೆ ಬಿಚ್ಚಲು ಹೊರಡಬೇಡಿ. ಒಂದಷ್ಟು ದೂರ ಓಡಿಸಿ ನೋಡಿ.