ಕರೆಂಟ್ ಇಡುವ ವಾರ್ಡಿನ ಹೊರಗಿನ ಬೆಂಚು

"ಅವ್ವಗ ಏನೂ ಹೇಳಬ್ಯಾಡ್ರಿ ಮೇಡಂ. ಬಾಯಾಗ ಹುಣ್ಣಾಗೈತಿ ಅಂತ ಅಷ್ಟ ಹೇಳೀವಿ."

ಸಿಂಧನೂರು ಕಡೆಯ ಹುಡುಗ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕೋಣೆಯ ಬಾಗಿಲಿಗೆ ಅಡ್ಡ ನಿಂತು ಹೇಳಿದ. ಒಳಗೆ ಅವನ ತಾಯಿ ಮೂಗಿಗೆ ಪೈಪು ಹಾಕಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದರು. ಕೆನ್ನೆಯ ಕ್ಯಾನ್ಸರ್. ಎಲೆ ಅಡಿಕೆ ಜೊತೆ ತಂಬಾಕು ಹಾಕುವ ಅಭ್ಯಾಸ ಮದುವೆಯಾದಾಗಿನಿಂದ. ಊರಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನಾಲ್ಕು ತಿಂಗಳು ಬರೀ ಮುಲಾಮು ಹಚ್ಚಿಕೊಂಡೇ ಕಳೆದುಹೋಗಿತ್ತು.

"ಹೇಳಬೇಡಿ" ಅನ್ನುವ ಈ ಮಾತನ್ನು ಒಂಬತ್ತು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಂಡ ಹೆಂಡತಿಗೆ ಹೇಳಬೇಡಿ ಅಂತಾನೆ. ಹೆಂಡತಿ ಅತ್ತೆಗೆ ಗೊತ್ತಾಗಬಾರದು ಅಂತಾಳೆ. ಎಲ್ಲರೂ ಒಬ್ಬರನ್ನೊಬ್ಬರು ಕಾಪಾಡುತ್ತಿರುತ್ತಾರೆ, ಎಲ್ಲರೂ ಒಂಟಿಯಾಗಿರುತ್ತಾರೆ.

ನಾನು ಬ್ಯಾಂಕಿನಲ್ಲಿ 31 ವರ್ಷ ಇದ್ದು ನಿವೃತ್ತಿಯಾದವಳು. ನನ್ನ ಅಕ್ಕ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ ಮರುವರ್ಷ ಬೆಂಗಳೂರಿನ ಒಂದು ಪುಟ್ಟ ಟ್ರಸ್ಟ್ ಸೇರಿದೆ. ಹನ್ನೊಂದು ಜನ ಸ್ವಯಂಸೇವಕರು, ಒಬ್ಬ ನರ್ಸ್, ವಾರಕ್ಕೆರಡು ದಿನ ಬರುವ ಒಬ್ಬ ಆಪ್ತಸಮಾಲೋಚಕಿ. ಇಷ್ಟೇ ನಾವು. ಹೊಸೂರು ರಸ್ತೆಯ ಕಿದ್ವಾಯಿ 1973ರಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆ. ಇವತ್ತಿಗೂ ರಾಯಚೂರು, ಕೊಪ್ಪಳ, ಯಾದಗಿರಿಯಿಂದ ರಾತ್ರಿ ಬಸ್ಸು ಹತ್ತಿ, ಕಣ್ಣು ಕೆಂಪಗೆ ಮಾಡಿಕೊಂಡು ಬೆಳಿಗ್ಗೆ ಅಲ್ಲಿಗೆ ಬರುವವರು ಇದ್ದೇ ಇರುತ್ತಾರೆ. ಅವರೇ ನಮ್ಮ ಜನ.

ಸೇರುವಾಗ ದುಡ್ಡು ಹೊಂದಿಸಿಕೊಡುವುದೇ ಕೆಲಸ ಅಂದುಕೊಂಡಿದ್ದೆ. ದುಡ್ಡು ಬೇಕು, ಸುಳ್ಳಲ್ಲ. ಆದರೆ ಅದಕ್ಕಿಂತ ಜಾಸ್ತಿ ಬೇಕಾದದ್ದು ದಾರಿ ತೋರಿಸುವವರು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದಲ್ಲಿ 30 ಪರ್ಸೆಂಟ್ ಮಾತ್ರ ಸಿಗುತ್ತದೆ, ಅದೂ 1.5 ಲಕ್ಷದ ಮಿತಿಯೊಳಗೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲೇ ನಿಂತುಹೋಗುತ್ತದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ತೋರಿಸಬೇಕು ಅಷ್ಟೆ. ಇದು ಗೊತ್ತಿಲ್ಲದೆ ಬಸ್ಸಿಗೆ ಸಾಲ ಮಾಡುವವರನ್ನು ಈಗಲೂ ನೋಡುತ್ತೇನೆ.

ರೇಡಿಯೇಷನ್‌ಗೆ ನಮ್ಮ ಜನ ಕರೆಂಟ್ ಇಡೋದು ಅಂತಾರೆ. ಬಾಯಿ ಕ್ಯಾನ್ಸರ್ ಆದರೆ ವಾರಕ್ಕೆ ಐದು ದಿನದಂತೆ ಆರು ಏಳು ವಾರ. ಮೆಷಿನ್ ಕೆಳಗೆ ಇರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕಾಯುವುದು. ಅಷ್ಟು ದಿನ ಎಲ್ಲಿ ಉಳಿಯಬೇಕು, ಊರಲ್ಲಿ ಎಮ್ಮೆ ಯಾರು ಕರೀತಾರೆ? ಧರ್ಮಶಾಲೆಯಲ್ಲಿ ಜಾಗ ಸಿಗದಿದ್ದರೆ ಮಧ್ಯದಲ್ಲೇ ಊರಿಗೆ ಹೋಗಿಬಿಡುತ್ತಾರೆ. ಕರೆಂಟ್ ಮಧ್ಯದಲ್ಲಿ ನಿಂತರೆ ಪಟ್ಟ ಕಷ್ಟವೆಲ್ಲ ನೀರಿಗೆ ಹಾಕಿದಂತೆ. ಆದ್ದರಿಂದ ಆ ವಾರ್ಡಿನ ಹೊರಗಿನ ಬೆಂಚಿನಲ್ಲೇ ನಾನು ಕೂರುತ್ತೇನೆ.

ಅಲ್ಲಿ ಪ್ರತಿ ಕುಟುಂಬಕ್ಕೂ ಒಂದು ನೂರು ಪುಟದ ನೋಟ್‌ಬುಕ್ ಕೊಡುತ್ತೇವೆ. ಮೊದಲ ಪುಟದಲ್ಲಿ ಫೈಲ್ ನಂಬರ್, ಕಾರ್ಡ್ ನಂಬರ್, ನಮ್ಮ ಫೋನ್. ಬಲಗಡೆ ಪುಟದಲ್ಲಿ ಗಂಟೆ, ಮಾತ್ರೆ, ನೋವು ಎಷ್ಟು ಅನ್ನುವುದು. ಎಡಗಡೆ ಪುಟ ಖಾಲಿ. ಡಾಕ್ಟರಿಗೆ ಕೇಳಬೇಕಾದದ್ದು ಅಲ್ಲಿಗೆ. ಒಳಗೆ ಹೋದ ತಕ್ಷಣ ಎಲ್ಲ ಮರೆತುಹೋಗುತ್ತದೆ, ಅಲ್ವಾ? ನೋವನ್ನು ಹತ್ತರಲ್ಲಿ ಎಷ್ಟು ಅಂತ ಕೇಳಿ ಅಂದರು ತರಬೇತಿಯಲ್ಲಿ. ಹಳ್ಳಿಯ ಹಿರಿಯರಿಗೆ ಅದು ಹತ್ತಲಿಲ್ಲ. "ಹದಿನಾರಾಣೆಯಲ್ಲಿ ಎಷ್ಟಾಣೆ ನೋವು?" ಅಂದೆ. ತಕ್ಷಣ ಉತ್ತರ ಬಂತು. "ಹನ್ನೆರಡಾಣೆ ಐತಿ."

ಆ ಹುಡುಗನ ನೋಟ್‌ಬುಕ್ಕಿನ ಮೊದಲ ವಾರವೆಲ್ಲ ಬರೀ ಗಂಜಿಯ ಲೆಕ್ಕ. ಪೈಪಿನಲ್ಲಿ ಊಟ ಕೊಡುವುದನ್ನು ನಮ್ಮ ನರ್ಸ್ ಕಲಿಸಿದರು. ತಲೆ ಎತ್ತರಕ್ಕೆ ಮಾಡಿ ಕೂರಿಸಬೇಕು. ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ತೆಳು ಬಟ್ಟೆಯಲ್ಲಿ ಸೋಸಬೇಕು. ಸಿರಿಂಜಿನಿಂದ ಒತ್ತಬಾರದು, ತಾನಾಗಿ ಇಳಿಯಲು ಬಿಡಬೇಕು. ಆಮೇಲೆ ಸ್ವಲ್ಪ ನೀರು ಹಾಕಿ ಪೈಪು ತೊಳೆಯಬೇಕು, ಅರ್ಧ ಗಂಟೆ ಮಲಗಿಸಬಾರದು. ಮೊದಲ ದಿನ ಅವನ ಕೈ ನಡುಗುತ್ತಿತ್ತು. ನಾಲ್ಕನೇ ದಿನ ಪಕ್ಕದ ಹಾಸಿಗೆಯವರಿಗೆ ಅವನೇ ತೋರಿಸಿಕೊಡುತ್ತಿದ್ದ.

"ಹೇಳಬೇಡಿ" ಅಂದಾಗ ಏನು ಮಾಡಬೇಕು ಅನ್ನುವುದನ್ನು ನಾನು ಒಂದು ತಪ್ಪು ಮಾಡಿ ಕಲಿತೆ. ಬಂದ ಹೊಸದರಲ್ಲಿ ಒಬ್ಬ ಹಿರಿಯರು, "ನಂದು ವಾಸಿ ಆಗಲ್ಲ ಅಲ್ವೇನಮ್ಮ?" ಅಂತ ಕೇಳಿದ್ದರು. ಮನೆಯವರಿಗೆ ಮಾತು ಕೊಟ್ಟಿದ್ದೆ. "ಏನೂ ಆಗಲ್ಲ, ಧೈರ್ಯವಾಗಿರಿ" ಅಂದುಬಿಟ್ಟೆ. ಅವರು ನನ್ನ ಮುಖ ನೋಡಿ ಸುಮ್ಮನಾದರು. ಆಮೇಲೆ ನಾನು ಹೋದಾಗಲೆಲ್ಲ ನಿದ್ದೆ ಬಂದವರಂತೆ ಕಣ್ಣು ಮುಚ್ಚಿರುತ್ತಿದ್ದರು. ಮೂರು ವಾರಕ್ಕೆ ತೀರಿಕೊಂಡರು. ಅವರು ಏನು ಹೇಳಬೇಕೆಂದಿದ್ದರೋ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಈಗ ಮನೆಯವರಿಗೆ ಎರಡು ಮಾತು ಮೊದಲೇ ಹೇಳುತ್ತೇನೆ. ನಾನಾಗಿ ಬಾಯಿ ಬಿಡುವುದಿಲ್ಲ. ಅವರೇ ಕೇಳಿದರೆ ಸುಳ್ಳೂ ಹೇಳುವುದಿಲ್ಲ. ಆ ಹುಡುಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಂದು ಬೆಂಚಿನಲ್ಲಿ ಕೂತು ಅತ್ತ. ಅಪ್ಪ ಹೋದಾಗ ತನಗೆ ಒಂಬತ್ತು ವರ್ಷ ಅಂದ. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಇರಲೂ ಇಲ್ಲ.

ಮೂರನೇ ವಾರ ತಾಯಿಯ ಹತ್ತಿರ ಕೂತು, "ನಿಮಗೇನು ಆಗಿದೆ ಅಂತ ಅನ್ನಿಸುತ್ತೆ?" ಅಂತ ಕೇಳಿದೆ. ಇದೊಂದೇ ಪ್ರಶ್ನೆ ನಾನು ಕೇಳುವುದು. ಮಾತು ತೊದಲುತ್ತಿತ್ತು. ನಿಧಾನವಾಗಿ ಹೇಳಿದರು, "ತಂಗೀ, ಕರೆಂಟ್ ಯಾವ ಬ್ಯಾನಿಗೆ ಇಡ್ತಾರಂತ ನಮ್ಮೂರಾಗ ಸಣ್ಣ ಹುಡುಗ್ರಿಗೂ ಗೊತ್ತೈತಿ. ಅಂವ ಅಳ್ತಾನಂತ ನಾ ಸುಮ್ಮನದೀನಿ." ಅವನನ್ನು ಕರೆಯಲಾ ಅಂದೆ. "ಮೊದಲ ಉಂಡು ಬರ್ಲಿ" ಅಂದರು. ಅವನು ಉಂಡು ಬಂದ. ಇಬ್ಬರನ್ನೂ ಕೂರಿಸಿ ನಾನು ಹೊರಗೆ ಬಂದೆ.

ಕರೆಂಟ್ ಮುಗಿಸಿ ಊರಿಗೆ ಹೋದರು. ಐದು ತಿಂಗಳಿಗೆ ಕುತ್ತಿಗೆಯಲ್ಲಿ ಮತ್ತೆ ಗಂಟು. ಇನ್ನು ನೋವು ಕಡಿಮೆ ಮಾಡುವುದಷ್ಟೇ ಅಂದರು ಡಾಕ್ಟರು. ಬೆಂಗಳೂರಿನವರಾಗಿದ್ದರೆ ಕರುಣಾಶ್ರಯಕ್ಕೆ ಕಳಿಸಬಹುದಿತ್ತು. 1994ರಲ್ಲಿ ಶುರುವಾದ ಆ ಟ್ರಸ್ಟ್ ವಾಸಿಯಾಗದ ಹಂತದವರನ್ನು ಒಂದು ರೂಪಾಯಿ ಪಡೆಯದೆ ನೋಡಿಕೊಳ್ಳುತ್ತದೆ, ಅವರ ನರ್ಸ್‌ಗಳು ಮನೆಗೂ ಬರುತ್ತಾರೆ. ಆದರೆ ಇವರಿಗೆ ಊರೇ ಬೇಕಿತ್ತು.

ಹಾಗಾಗಿ ಫೋನಿನಲ್ಲೇ ನಡೆಸಿದೆವು. ಕಡು ನೋವಿಗೆ ಕೊಡುವ, ಅಫೀಮಿನಿಂದ ಮಾಡುವ ಮಾರ್ಫಿನ್ ಮಾತ್ರೆ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ಬಹಳ ಕಡೆ ಇಡುವುದನ್ನೇ ಬಿಟ್ಟಿದ್ದರು. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಸ್ವಲ್ಪ ಸಲೀಸಾಯಿತು. ಡಾಕ್ಟರು ಬರೆದುಕೊಟ್ಟದ್ದು ನಾಲ್ಕು ಗಂಟೆಗೊಂದು. ಈ ಹುಡುಗ ಮಾತ್ರೆ ಕೊಡದೆ ತಡೀತಿದ್ದ. ಚಟ ಆಗುತ್ತೆ ಅಂತ ಯಾರೋ ಹೇಳಿದ್ದರಂತೆ. ನೋವಿಗೆ ಸರಿಯಾದ ಅಳತೆಯಲ್ಲಿ ಕೊಟ್ಟರೆ ಹಾಗೆ ಹೆದರಬೇಕಿಲ್ಲ, ನೋವು ಬಂದಮೇಲೆ ಅಲ್ಲ, ಬರುವ ಮೊದಲೇ ಗಡಿಯಾರ ನೋಡಿ ಕೊಡಬೇಕು ಅಂತ ನರ್ಸ್ ವಿವರಿಸಿದರು. ಜೊತೆಗೆ ಮಲಬದ್ಧತೆಗೆ ಬರೆದ ಔಷಧಿ ತಪ್ಪಿಸಬಾರದು ಅಂತಲೂ. ನಾಲ್ಕನೇ ದಿನ ಫೋನ್ ಬಂತು. "ನಾಕಾಣೆಗೆ ಇಳಿದೈತಿ ಮೇಡಂ. ರಾತ್ರಿ ಮಲಗ್ಯಾಳ."

ಆ ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಅವರು ಹೋದರು. ಕಾರ್ಯ ಮುಗಿಸಿ ಮಗ ಫೋನ್ ಮಾಡಿದ. ನೋಟ್‌ಬುಕ್ಕಿನ ಎಡಗಡೆ ಪುಟಗಳನ್ನು ಓದಿ ಹೇಳಿದ. ಬೋರ್‌ವೆಲ್ ಸಾಲ ಎಷ್ಟು ಉಳಿದಿದೆ, ಜೋಳದ ಬೀಜ ಯಾರ ಮನೆಗೆ ಕೊಟ್ಟಿದೆ, ಬೆಂಡೋಲೆ ಯಾವ ಅಕ್ಕನಿಗೆ, ಕರು ಯಾವ ಅಕ್ಕನಿಗೆ. "ಅವ್ವ ಹೇಳ್ತಿದ್ಲು, ನಾ ಬರ್ಕೊಂತಿದ್ದೆ. ಎಂಟು ಪುಟ ಆಗ್ಯಾವ್ರಿ."

ಆಮೇಲೆ ಕೇಳಿದ, ಇಪ್ಪತ್ತೆರಡು ಮಾತ್ರೆ ಉಳಿದಿವೆ, ಪಕ್ಕದ ಮನೆಯ ಅಜ್ಜನಿಗೂ ಮೈಕೈ ನೋವು, ಕೊಡಲಾ ಅಂತ. ಬೇಡಪ್ಪ, ಬೇರೆ ಯಾರಿಗೂ ಕೊಡಬೇಡ, ತಂದ ಆಸ್ಪತ್ರೆಗೇ ವಾಪಸ್ ಕೊಡು ಅಂದೆ. ಸೋಮವಾರ ಹೋಗಿ ಎಣಿಸಿ ಕೊಟ್ಟು, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡನಂತೆ.