ದುಬೈಗೆ ಹೊರಟವರು ಪಾಸ್‌ಪೋರ್ಟ್‌ನಲ್ಲಿ ಮೊದಲು ಹೆಸರು ನೋಡಿ

ನಮ್ಮ ಕಡೆ ಮನೆತನದ ಹೆಸರಿಲ್ಲದ ಪಾಸ್‌ಪೋರ್ಟ್ ಬೇಕಾದಷ್ಟಿವೆ. ಗಿವನ್ ನೇಮ್ ಜಾಗದಲ್ಲಿ ಬರೀ ‘ಮಂಜುನಾಥ’, ಸರ್‌ನೇಮ್ ಖಾಲಿ. 2022ರ ನವೆಂಬರ್‌ನಿಂದ ಯುಎಇ (ದುಬೈ ಇರುವ ದೇಶ) ಇಂಥ ಒಂಟಿ ಹೆಸರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುತ್ತೇವೆ ಅಂತ ಆಮೇಲೆ ಸಡಿಲಿಸಿದರು. ಆದರೂ ಟಿಕೆಟ್ ಮಾಡಿಸುವ ಮುಂಚೆಯೇ ಏರ್‌ಲೈನ್‌ನವರನ್ನು ಕೇಳಿಬಿಡಿ. ಯಾಕಂದ್ರೆ ಬೋರ್ಡಿಂಗ್ ಪಾಸ್ ಕೊಡದೆ ತಡೆಯುವವರು ಇಲ್ಲಿನ ಕೌಂಟರ್‌ನವರೇ.

ಶಾಶ್ವತ ಪರಿಹಾರ ಬೇಕಂದ್ರೆ ಪಾಸ್‌ಪೋರ್ಟ್ ಸೇವಾದಲ್ಲಿ ರೀ-ಇಶ್ಯೂಗೆ ಹಾಕಿ ಸರ್‌ನೇಮ್ ತುಂಬಿಸಿ. ಆಧಾರ್‌ನಲ್ಲಿ ಇನಿಶಿಯಲ್ ಮಾತ್ರ ಇದ್ದರೆ ಮೊದಲು ಅದನ್ನು ಬಿಡಿಸಿ ಬರೆಸಿ, ಇಲ್ಲದಿದ್ದರೆ ದಾಖಲೆ ತಾಳೆಯಾಗದೆ ಅರ್ಜಿ ನಿಲ್ಲುತ್ತೆ. ವೀಸಾ, ಟಿಕೆಟ್ ಎರಡೂ ಹೊಸ ಹೆಸರಲ್ಲೇ ಇರಲಿ. ಪಾಸ್‌ಪೋರ್ಟ್ ಅವಧಿ ಕನಿಷ್ಠ 6 ತಿಂಗಳು ಉಳಿದಿರಬೇಕು.

ಔಷಧಿ ವಿಷಯ ಹಗುರವಾಗಿ ತಗೋಬೇಡಿ. ನೋವಿನ ಮಾತ್ರೆ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್ ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಇವನ್ನು ಒಯ್ಯಲು ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಮೊದಲೇ ಪಡೆಯಬೇಕು. ಉಳಿದ ಮಾತ್ರೆಗಳನ್ನೂ ಡಬ್ಬಿಗೆ ಸುರಿಯದೆ ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಜೊತೆಗಿಟ್ಟು ಒಯ್ಯಿರಿ. ಮಗಳಿಗೆ ಅಂತ ಅಮ್ಮಂದಿರು ಕಟ್ಟಿಕೊಡುವ ಮಸಾಲೆ ಗಂಟಲ್ಲಿ ಗಸಗಸೆ ಇದೆಯಾ ನೋಡಿ, ಅಲ್ಲಿ ಅದು ನಿಷಿದ್ಧ.